ಗೊಲೆಗಾ ಜಾತ್ರೆಯ ಗಿಡ್ಡ ಜಾಕೆಟು

ಲಿಸ್ಬನ್‌ನಿಂದ ಎಂಟ್ರೊಂಕಮೆಂಟೊವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಗೊಲೆಗಾದಲ್ಲಿ ಇಳಿಯುತ್ತಲೇ ಹುರಿದ ಚೆಸ್ಟ್‌ನಟ್ಟಿನ ವಾಸನೆ. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಆಸುಪಾಸಿನಲ್ಲಿ ಇಲ್ಲಿ ಪೋರ್ಚುಗಲ್ಲಿನ ರಾಷ್ಟ್ರೀಯ ಕುದುರೆ ಜಾತ್ರೆ ನಡೆಯುತ್ತದೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಈ ಮಾರ್ಟಿನ್ ತನ್ನ ನಿಲುವಂಗಿಯನ್ನೇ ಕತ್ತಿಯಿಂದ ಸೀಳಿ ಅರ್ಧ ಕೊಟ್ಟನಂತೆ. ಬಟ್ಟೆ ಕತ್ತರಿಸಿಯೇ ಹೊಟ್ಟೆ ಹೊರೆಯುವ ನನಗೆ ಇಷ್ಟವಾಗದೆ ಇರುತ್ತಾನಾ?

ಕೌಬಾಯ್ ಶೈಲಿಯನ್ನೂ ಇಲ್ಲಿನ ಸವಾರಿ ಉಡುಪನ್ನೂ ಬೆರೆಸಿ ಹೊಸದೇನಾದರೂ ಹೊಲಿಯಬಹುದಾ ಅಂತ ನೋಡಲು ಬಂದಿದ್ದೆ.

ಅರ್ನೆಯ್ರು ಮೈದಾನದ ಸುತ್ತ ಮರಳಿನ ದಾರಿ. ಅದರಲ್ಲಿ ಪೋರ್ಚುಗಲ್ಲಿನದೇ ತಳಿಯಾದ ಲುಸಿಟಾನೊ ಕುದುರೆಗಳ ಸಾಲು. ಸವಾರರು ಕೆಳಗಿಳಿಯದೆ, ಕೈಯಲ್ಲಿ ಗ್ಲಾಸು ಹಿಡಿದೇ ಹರಟುತ್ತಾರೆ. ಸೊಂಟಕ್ಕೇ ನಿಲ್ಲುವ ಗಿಡ್ಡ ಜಾಕೆಟು, ಸೊಂಟದಿಂದ ಮೇಲೇರುವ ಪ್ಯಾಂಟು, ಅಗಲ ಅಂಚಿನ ಚಪ್ಪಟೆ ಟೋಪಿ. ಕೆಲವು ಹೆಂಗಸರು ತೊಟ್ಟಿದ್ದು ನೋಡಲು ಲಂಗ, ಆದರೆ ಎರಡು ಕಾಲಾಗಿ ಸೀಳಿರುತ್ತದೆ. ಬಣ್ಣ ಜಾಸ್ತಿ ಕಪ್ಪು, ಬೂದು, ಕಂದು. ಕೆಂಪು ವೇಸ್ಟ್‌ಕೋಟು, ಹಸಿರು ಕುಲಾವಿ ಕಂಡರೆ ಅವರು ಕಂಪೀನುಗಳು, ರಿಬಾಟೆಜು ಬಯಲಿನ ಗೂಳಿ ಕಾಯುವವರು.

ಒಂದು ಮಳಿಗೆಯ ಮುದುಕ ದರ್ಜಿ ನನ್ನನ್ನು ಕುರ್ಚಿಯ ಮೇಲೆ ಹಿಂದುಮುಂದಾಗಿ, ಎರಡೂ ಕಡೆ ಕಾಲು ಹಾಕಿ ಕೂರಿಸಿದರು. ಆಮೇಲೆ ಟೇಪು ತೆಗೆದರು. ನಿಂತ ಅಳತೆ ಇವರಿಗೆ ಸಾಲದು. ಕೂತಾಗ ಜಾಕೆಟ್ಟಿನ ಅಂಚು ಕುದುರೆಯ ಜೀನಿಗೆ ತಾಗಿ ಮುದುಡಬಾರದು, ಅದಕ್ಕೇ ಗಿಡ್ಡ. ಬೆನ್ನು ಬಗ್ಗಿದರೂ ಅಂಗಿ ಹೊರಬರಬಾರದು, ಅದಕ್ಕೇ ಪ್ಯಾಂಟು ಮೇಲೇರಬೇಕು. ಕೌಬಾಯ್ ಬೂಟಿಗೂ ಹೀಗೇ ಕಾರಣವಿದೆ. ಚೂಪು ಮೂತಿ ರಿಕಾಪಿನೊಳಗೆ, ಅಂದರೆ ಸವಾರ ಪಾದ ಇಡುವ ಬಳೆಯೊಳಗೆ, ಸಲೀಸಾಗಿ ನುಗ್ಗುತ್ತದೆ, ಎತ್ತರದ ಹಿಮ್ಮಡಿ ಕಾಲು ಜಾರಿಹೋಗದಂತೆ ತಡೆಯುತ್ತದೆ.

ಪಕ್ಕದ ಮಳಿಗೆಯಲ್ಲಿ ಇದೇ ಜಾಕೆಟ್ಟಿಗೆ ತೋಳುದ್ದಕ್ಕೂ ಚರ್ಮದ ಕುಚ್ಚು ಇಳಿಬಿಟ್ಟಿದ್ದರು. ನಾಟಕದ ವೇಷ ಅಷ್ಟೇ! ನನ್ನ ಪ್ರಕಾರ ಕಟ್ ಪೋರ್ಚುಗೀಸರದ್ದೇ ಇರಲಿ, ಬಟ್ಟೆ ಡೆನಿಮ್ ಆಗಲಿ. ಬೆನ್ನ ಮೇಲೆ ಕೌಬಾಯ್ ಅಂಗಿಯ ಚೂಪು ಯೋಕ್, ಅಂದರೆ ಭುಜದ ಕೆಳಗೆ ಹೊಲಿಯುವ ಬಟ್ಟೆಯ ತುಂಡು, ಕೂಡ ಕೂರುತ್ತದೆ. ಸಂಜೆ ಚೆಸ್ಟ್‌ನಟ್ ಸುಲಿಯುತ್ತಾ ಅಷ್ಟನ್ನು ಸ್ಕೆಚ್ ಮಾಡಿದೆ. ಟೋಪಿಗೆ ಮಾತ್ರ ಕೈ ಹಾಕಲಿಲ್ಲ. ಚಪ್ಪಟೆ ಟೋಪಿಯ ಅಂಚನ್ನು ಕೌಬಾಯ್ ಥರ ಮೇಲಕ್ಕೆ ಬಗ್ಗಿಸಿಕೊಂಡವನೊಬ್ಬ ಎದುರಿಗೇ ಹೋದ. ಚೆನ್ನಾಗಿರಲಿಲ್ಲ.