ಕೋಳಿ, ಬೆಕ್ಕು ಕಂಡರೆ ಓಡುವ ನಾಯಿಗೆ ಏನು ಮಾಡೋದು?

“ಮನ್ಯಾಗ ಕುರಿಮರಿ ಹಂಗ ಇರ್ತದರಿ. ಓಣ್ಯಾಗ ಕೋಳಿ ಕಂಡ್ರ ಸಾಕು, ಹೆಸರು ಹಿಡದು ಎಷ್ಟ ಒದರಿದ್ರೂ ಕೇಳಂಗಿಲ್ಲ. ಇದನ್ನ ಬಿಡಸೂದು ಹೆಂಗ?” ಹುಬ್ಬಳ್ಳಿ-ಧಾರವಾಡದಲ್ಲಿ ಮುಧೋಳ ನಾಯಿ ಸಾಕಿದವರು ತಪ್ಪದೆ ಕೇಳುವ ಪ್ರಶ್ನೆ ಇದು. ಬೀಗಲ್ ಇಟ್ಟವರೂ ಕೇಳುತ್ತಾರೆ, ಓಣಿ ಮರಿ ತಂದು ಸಾಕಿದವರೂ ಕೇಳುತ್ತಾರೆ.

ಬಿಡಿಸಲಿಕ್ಕೆ ಆಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಬೆನ್ನಟ್ಟುವುದರಲ್ಲೇ ನಾಯಿಗೆ ಸುಖವಿದೆ. ಕೋಳಿ ಸಿಗದಿದ್ದರೂ ಓಡಿದ್ದಕ್ಕೆ ಕೂಲಿ ಸಿಕ್ಕಿಬಿಡುತ್ತದೆ, ಹಾಗಾಗಿ ಪ್ರತಿ ಓಟವೂ ಚಟವನ್ನು ಗಟ್ಟಿ ಮಾಡುತ್ತದೆ. ಕಣ್ಣಿನಿಂದ ಬೇಟೆ ಹುಡುಕಿ ಮೊಲ ಹಿಡಿಯಲೆಂದೇ ತಲೆಮಾರುಗಟ್ಟಲೆ ಬೆಳೆಸಿದ ಮುಧೋಳ ತಳಿಯಲ್ಲಿ ಇದು ರಕ್ತದಲ್ಲೇ ಇದೆ. ಹಸಿವಿಗೂ ಇದಕ್ಕೂ ಸಂಬಂಧ ಕಡಿಮೆ. ಮಾಂಸ ಹಾಕಿದರೆ ರುಚಿ ಹತ್ತುತ್ತದೆಂದು ಬರೀ ಜೋಳದ ರೊಟ್ಟಿ-ಹಾಲಿನ ಮೇಲೆ ಇಡುವವರು ನಮ್ಮ ಕಡೆ ಬಹಳ. ಅದರಿಂದ ನಾಯಿ ಬಡಕಲಾಗುತ್ತದೆ, ಓಟವೇನೂ ನಿಲ್ಲುವುದಿಲ್ಲ. ಬೀಜ ತೆಗೆಸಿದರೂ ಅಷ್ಟೇ.

ಹಿಡಿಯಬೇಕಾದದ್ದು ಓಡುವ ಮುಂಚಿನ ಒಂದೆರಡು ಸೆಕೆಂಡನ್ನು. ತೇಕುತ್ತಿದ್ದ ನಾಯಿ ಬಾಯಿ ಮುಚ್ಚುತ್ತದೆ, ಇದು ಮೊದಲ ಸುಳಿವು. ಆಮೇಲೆ ಕಿವಿ ಮುಂದಕ್ಕೆ ಬರುತ್ತವೆ, ಬಾಲ ಸೆಟೆಯುತ್ತದೆ, ಮುಂಗಾಲೊಂದು ನೆಲ ಬಿಡುತ್ತದೆ, ಭಾರ ಹಿಂಗಾಲಿಗೆ ಇಳಿಯುತ್ತದೆ. ಬಾಯಿ ಮುಚ್ಚಿದಾಗ ಕರೆದರೆ ಬಹುಪಾಲು ತಿರುಗುತ್ತದೆ. ಭಾರ ಹಿಂದೆ ಹೋದ ಮೇಲೆ ಎಷ್ಟು ಕೂಗಿದರೂ ವ್ಯರ್ಥ, ಹೆಸರು ಹಿಡಿದು ಕರೆದರೆ ಬರಬೇಕೆಂಬುದನ್ನೇ ನಾಯಿ ಮರೆಯುತ್ತದೆ. ಫೋನ್ ನೋಡುತ್ತ ವಾಕಿಂಗ್ ಮಾಡುವವರಿಗೆ ಈ ಎರಡು ಸೆಕೆಂಡ್ ಸಿಗುವುದೇ ಇಲ್ಲ.

ಮುಧೋಳ ನಾಯಿಯ ತಲೆ ಸಣ್ಣ, ಕೊರಳು ದಪ್ಪ. ಸಾದಾ ಪಟ್ಟಾ ಹಾಕಿದರೆ ಹಿಂದಕ್ಕೆ ಸರಿದು ತಲೆ ಕಳಚಿಕೊಂಡು ಹೋಗುತ್ತದೆ. ಎಳೆದಾಗ ತುಸು ಬಿಗಿದು ಅಲ್ಲಿಗೇ ನಿಲ್ಲುವ ಅಗಲವಾದ ಮಾರ್ಟಿಂಗೇಲ್ ಪಟ್ಟಾ, ಜೊತೆಗೆ ಎದೆಗೆ ಹಾಕುವ ಹಾರ್ನೆಸ್ ಬೇಕು. ಹಾರ್ನೆಸ್ಸಿನ ಪಟ್ಟಿಯೊಳಗೆ ಎರಡು ಬೆರಳು ಹೋದರೆ ಸಾಕು, ಅದಕ್ಕಿಂತ ಸಡಿಲ ಬೇಡ. ಓಣಿಯಲ್ಲಿ ಆರಡಿ ಹಗ್ಗ. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಹಗ್ಗ ಇಂಥ ನಾಯಿಗೆ ಬೇಡವೇ ಬೇಡ, ಜಗ್ಗಿದ ರಭಸಕ್ಕೆ ಹಿಡಿಯೇ ಕೈಯಿಂದ ಹಾರುತ್ತದೆ. ಬಯಲಿನಲ್ಲಿ 10 ಮೀಟರ್ ಹಗ್ಗ ಆಗುತ್ತದೆ, ಆದರೆ ಅದನ್ನು ಹಾರ್ನೆಸ್ಸಿನ ಬೆನ್ನಿನ ಕೊಂಡಿಗೇ ಹಾಕಬೇಕು. ಕೊರಳಿಗೆ ಹಾಕಿದರೆ ಹಗ್ಗ ಮುಗಿದಾಗಿನ ಜಗ್ಗಿಗೆ ಕುತ್ತಿಗೆ ಉಳುಕಬಹುದು, ಶ್ವಾಸನಾಳಕ್ಕೂ ಪೆಟ್ಟು. ನೈಲಾನ್ ಹಗ್ಗ ಸರ್ರನೆ ಜಾರಿ ಅಂಗೈ ಸುಡುತ್ತದೆ, ಕೈಗವಸು ಇರಲಿ, ಮುಂಗೈಗೆ ಸುತ್ತಿಕೊಳ್ಳಬೇಡಿ.

ಕಲಿಸುವುದು ದೂರದಿಂದ ಶುರುವಾಗಬೇಕು. ಕಂಟೇನರ್ ಪಕ್ಕ ಕಸ ಕೆದರುವ ಹಂದಿಗೆ 50 ಮೀಟರ್ ದೂರದಲ್ಲಿ ನಿಂತು, ನಾಯಿ ಅದನ್ನು ನೋಡಿಯೂ ತಿನಿಸು ತಿನ್ನುತ್ತದೆಯೇ ಎಂದು ನೋಡಿ. ತಿನ್ನದಿದ್ದರೆ ಇನ್ನೂ ಹಿಂದೆ ಸರಿಯಿರಿ. ತಿಂದರೆ ಅದೇ ನಿಮ್ಮ ಗೆರೆ. ಅಲ್ಲಿ ನಾಯಿ ಹಂದಿಯತ್ತ ನೋಡಿದ ಕೂಡಲೇ “ಹ್ಞಾಂ!” ಅನ್ನಿ, ಕಡಲೆಕಾಳಿನಷ್ಟು ತುಂಡು ಕೊಡಿ. ಮತ್ತೆ ನೋಡುತ್ತದೆ, ಮತ್ತೆ ಕೊಡಿ. ಕೆಲ ದಿನದಲ್ಲಿ ಹಂದಿ ಕಂಡ ತಕ್ಷಣ ನಾಯಿ ತಾನೇ ನಿಮ್ಮ ಮುಖ ನೋಡುತ್ತದೆ, ಆಗ ನಾಲ್ಕೈದು ಹೆಜ್ಜೆ ಹತ್ತಿರ ಹೋಗಬಹುದು. ಒಂದು ಸಲಕ್ಕೆ ಐದು ನಿಮಿಷ ಸಾಕು. ಬಿಸ್ಕೀಟು ಹಂದಿಯ ಮುಂದೆ ನಡೆಯುವುದಿಲ್ಲ. ಉಪ್ಪಿಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ ಬೇಕು. ಮಾಂಸ ಮುಟ್ಟದ ಮನೆಯಾದರೆ ಪನೀರು. ಎದುರಿಗೇ ಧುತ್ತೆಂದು ಬೆಕ್ಕು ಬಂದರೆ ಪಾಠ ಬೇಡ, ಒಂದು ಮುಷ್ಟಿ ತಿನಿಸು ಹುಲ್ಲಿಗೆ ಚೆಲ್ಲಿ. ಮೂಗು ನೆಲಕ್ಕೆ ಹೋದರೆ ಕಣ್ಣು ಬೇಟೆಯಿಂದ ಬಿಡುತ್ತದೆ.

ಸತ್ತ ಕೋಳಿಯನ್ನು ಕೊರಳಿಗೆ ಕಟ್ಟುವುದು, ಹಿಡಿದು ಬಡಿಯುವುದು, ಕರೆಂಟ್ ಪಟ್ಟಾ, ಯಾವುದೂ ಬೇಡ. ಬಡಿತದಿಂದ ನಾಯಿ ಕಲಿಯುವುದು ನಿಮ್ಮ ಕೈಗೆ ಸಿಗಬಾರದು ಎಂಬುದನ್ನು ಮಾತ್ರ.

ಓಟಕ್ಕೆ ಬೇರೆ ದಾರಿ ಕೊಡದೆ ಬರೀ ತಡೆದರೆ ಕೆಲಸವಾಗುವುದಿಲ್ಲ. ಮೂರಡಿ ಪಿವಿಸಿ ಪೈಪಿನೊಳಗೆ ಆರೇಳಡಿ ಹಗ್ಗ ಹಾಯಿಸಿ, ತುದಿಗೆ ಹಳೆ ಬಟ್ಟೆಯ ಗಂಟು ಕಟ್ಟಿ. ನಾಯಿ ಕುಳಿತರೆ ಮಾತ್ರ ಆಟ ಶುರು. ಗಂಟು ನೆಲದ ಮೇಲೆ ಮೊಲದಂತೆ ಹರಿಯಲಿ. ಗಾಳಿಗೆ ಎತ್ತಿದರೆ ನಾಯಿ ಜಿಗಿದು ಮೊಣಕಾಲು ಕೆಡಿಸಿಕೊಳ್ಳುತ್ತದೆ. ನಡುನಡುವೆ ಹಿಡಿಯಲು ಬಿಡಿ, “ಬಿಡು” ಅಂದು ತಿನಿಸಿಗೆ ಬದಲಾಯಿಸಿಕೊಳ್ಳಿ. ಮೂರ್ನಾಲ್ಕು ನಿಮಿಷ ಸಾಕು. ಕಾಂಕ್ರೀಟಿನ ಮೇಲೆ ಬೇಡ, ಉಂಡ ಒಂದೆರಡು ತಾಸಿನೊಳಗೆ ಬೇಡ, ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ.

ಮನೆಯಲ್ಲಿ ಗೋಡೆ ಆರಡಿ ಇರಲಿ, ಪಕ್ಕದಲ್ಲಿ ಕಟ್ಟಿಗೆ, ಡ್ರಮ್ಮು, ಬಂಡಿ ಇಡಬೇಡಿ, ಅವೇ ಮೆಟ್ಟಿಲಾಗುತ್ತವೆ. ಗೇಟಿನ ಕೆಳಗಿನ ಸಂದಿಗೆ ಜಾಳಿಗೆ ಹೊಡೆಸಿ. ಜೊತೆಗೇ ಬೆಳೆದ ಬೆಕ್ಕಿನೊಡನೆ ಎಷ್ಟೇ ಸ್ನೇಹವಿದ್ದರೂ ಮನೆಯಲ್ಲಿ ಯಾರೂ ಇಲ್ಲದಾಗ ನಡುವೆ ಬಾಗಿಲಿರಲಿ. ಒಳಗೆ ಕಾಲಡಿ ಮಲಗುವ ಬೆಕ್ಕೇ ಹಿತ್ತಲಲ್ಲಿ ಓಡಿದರೆ ಬೇಟೆ. ಎರಡು ನಾಯಿ ಇದ್ದರೆ ಒಂದರ ಹುಮ್ಮಸ್ಸು ಇನ್ನೊಂದಕ್ಕೆ ಹತ್ತುತ್ತದೆ, ಕಲಿಸುವಾಗ ಬೇರೆ ಬೇರೆ ಒಯ್ಯಿರಿ. ಹೆಗ್ಗಣ ಹಿಡಿಯುವ ನಾಯಿಗೆ ಇಲಿಜ್ವರದ ಲಸಿಕೆ ತಪ್ಪಿಸಬೇಡಿ. ಇಲಿಪಾಷಾಣ ತಿಂದ ಹೆಗ್ಗಣ ತಿಂದರೂ ಕಷ್ಟ.

ಊರ ಹೊರಗೆ ಬಿಚ್ಚಿಬಿಡುವ ಆಸೆ ಎಲ್ಲರಿಗೂ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ಹಿಂಡು ನಿಂತಿರುತ್ತವೆ. ಒಂದು ಕುರಿ ಸತ್ತರೆ ಕುರುಬರಿಗೆ ಹೊಡೆತ, ನಾಯಿಗೂ ಬಡಿಗೆ ಬೀಳುತ್ತದೆ. ಬಿಸಿಲಿಗೆ ಬಾಯಿ ಬಿಟ್ಟ ಎರೆ ನೆಲದ ಬಿರುಕಿನಲ್ಲಿ ಕಾಲು ಮುರಿಯಬಹುದು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಸುತ್ತ, ಬಂಕಾಪುರದ ನವಿಲುಗಳ ಹತ್ತಿರ, ಗದಗಿನ ಕಪ್ಪತಗುಡ್ಡದ ಬುಡದಲ್ಲಿ ಹಗ್ಗ ಬಿಚ್ಚಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಬೆನ್ನಟ್ಟಿಸುವುದೂ ಬೇಟೆಯೇ.

ಎಷ್ಟು ಎಚ್ಚರವಿದ್ದರೂ ಒಮ್ಮೆ ಕೈ ತಪ್ಪೀತು. ಒದರುತ್ತ ಹಿಂದೆ ಓಡಿದರೆ ನೀವೂ ಬೇಟೆಗೆ ಬಂದಿರೆಂದು ಅದು ತಿಳಿಯುತ್ತದೆ. ತಪ್ಪಿಸಿಕೊಂಡ ಜಾಗದಲ್ಲೇ ಒಬ್ಬರು ನಿಲ್ಲಿ, ಬಹಳಷ್ಟು ನಾಯಿಗಳು ಅಲ್ಲಿಗೇ ಮರಳುತ್ತವೆ. ಬಂದಾಗ ಬಡಿಯಬೇಡಿ, ತಿನಿಸು ಕೊಟ್ಟು ಹಗ್ಗ ಹಾಕಿ. ಪಾದ, ತೊಡೆಸಂದಿ, ಬಾಯಿ ನೋಡಿ. ಹಂದಿ, ಮುಂಗುಸಿ, ಬೇರೆ ನಾಯಿ ಕಚ್ಚಿದ ಗಾಯವಿದ್ದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಪಶುವೈದ್ಯರ ಬಳಿ ಒಯ್ಯಿರಿ. ವರ್ಷದ ರೇಬಿಸ್ ಲಸಿಕೆ ಆಗಿದ್ದರೂ ಮತ್ತೆ ಹಾಕಬೇಕಾಗುತ್ತದೆ, ಲಸಿಕೆಯ ಪುಸ್ತಕ ಮರೆಯಬೇಡಿ.