ಅಮೋನಿಯಾ ಅರ್ಧಕ್ಕಿಳಿಯಿತು, ಮೀನುಗಳು ಸತ್ತವು

ನಮ್ಮ ಮನೆಯ ಅಕ್ವೇರಿಯಂ ತೊಟ್ಟಿಯ ಇಪ್ಪತ್ನಾಲ್ಕು ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳಲ್ಲಿ ಒಂಬತ್ತು ಸತ್ತ ಮೇಲೆ ಕಾರಣ ಸಿಕ್ಕಿತು. ಗಿಡ ನೆಟ್ಟು, ತ್ಯಾಜ್ಯ ಕರಗಿಸುವ ಬ್ಯಾಕ್ಟೀರಿಯಾ ಬೆಳೆಯುವಂತೆ ಫಿಲ್ಟರ್ ಪಳಗಿಸಿ ಸಿದ್ಧಪಡಿಸಿದ ತೊಟ್ಟಿ ಅದು; ನೇರವಾಗಿ ನೀರು ಬದಲಿಸಿದ ಆ ಭಾನುವಾರದ ಕಥೆಗೆ ಬರುತ್ತೇನೆ.

ಕಲಬುರಗಿಯ ನಮ್ಮ ಬಡಾವಣೆಯ ಬೋರ್ ನೀರು ಮಹಾ ಗಡಸು. ತೊಗರಿ ಕಣಜದ ಊರಿನಲ್ಲಿದ್ದೂ ಅದರಲ್ಲಿ ತೊಗರಿ ಬೇಳೆ ಬೇಯುವುದಿಲ್ಲ. ಪಿಎಚ್ 8, ಕೆಎಚ್ (ಪಿಎಚ್ ಕುಸಿಯದಂತೆ ಹಿಡಿದಿಡುವ ಕಾರ್ಬೊನೇಟ್ ಗಡಸುತನ) 16. ಆದ್ದರಿಂದ ಅಮೆಜಾನ್ ಕಣಿವೆಯ ಈ ಅತಿಥಿಗಳಿಗೆ ಆರ್‌ಒ ಯಂತ್ರದಲ್ಲಿ ಲವಣ ತೆಗೆದ ನೀರಿಗೆ ಚೂರೇ ಚೂರು ಬೋರ್ ನೀರು ಬೆರೆಸಿ, ಕೆಎಚ್ 1ರಲ್ಲಿ ಇಟ್ಟಿದ್ದೆ. ಅಷ್ಟರಲ್ಲಿ ಆರ್‌ಒ ಪೊರೆ ಕೆಟ್ಟಿತು. ಮಾರಾಟಗಾರ ಹನ್ನೆರಡು ದಿನ ‘ನಾಳೆ ಬರುತ್ತದೆ’ ಎಂದ. ಆ ಹನ್ನೆರಡು ದಿನವೂ ನಾನು ನೀರು ಬದಲಿಸಲಿಲ್ಲ. ಕೊನೆಗೆ ತಾಳ್ಮೆ ತಪ್ಪಿ ಅರ್ಧ ತೊಟ್ಟಿ ಖಾಲಿ ಮಾಡಿ, ಬೋರ್ ನೀರನ್ನೇ ತುಂಬಿದೆ.

ಅರ್ಧ ಗಂಟೆಯಲ್ಲಿ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದವು, ಕಿವಿರುಗಳು ಕೆಂಪಾಗಿದ್ದವು. ಆಮ್ಲಜನಕದ ಕೊರತೆ ಎಂದುಕೊಂಡು ಎರಡನೆಯ ಗಾಳಿ ಪಂಪ್ ಹಾಕಿದೆ. ಏನೂ ಪ್ರಯೋಜನವಾಗಲಿಲ್ಲ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ಎಷ್ಟಿದೆ ಎಂದು ಪರೀಕ್ಷಾ ಕಿಟ್‌ನಲ್ಲಿ ನೋಡಿದರೆ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು). ಬಕೆಟ್ಟಿನಲ್ಲಿದ್ದ ಹಳೆಯ ನೀರಿನಲ್ಲಿ 2! ಎರಡರಲ್ಲಿ ಹಾಯಾಗಿದ್ದ ಮೀನುಗಳು ಒಂದರಲ್ಲಿ ಸಾಯುತ್ತಿವೆ. ಕಿಟ್ಟೇ ಸುಳ್ಳು ಹೇಳುತ್ತಿದೆ ಎಂದು ಅದನ್ನೂ ಬೈದೆ.

ಕಿಟ್ ಸುಳ್ಳು ಹೇಳಿರಲಿಲ್ಲ, ಅರ್ಧ ಸತ್ಯ ಹೇಳಿತ್ತು. ಅದು ಅಮೋನಿಯಂ ಮತ್ತು ಅಮೋನಿಯಾ ಎರಡನ್ನೂ ಕೂಡಿಸಿ ತೋರಿಸುತ್ತದೆ. ಹನ್ನೆರಡು ದಿನದಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯಾ ಕರಗಿಸುತ್ತಾ, ಇದ್ದ ಒಂದಿಷ್ಟು ಕೆಎಚ್ ಅನ್ನು ತಿಂದು ಮುಗಿಸಿದ್ದವು. ಪಿಎಚ್ 6ಕ್ಕೆ ಕುಸಿದು ಅವುಗಳ ಕೆಲಸವೂ ಕುಂಟಿತು. ತ್ಯಾಜ್ಯ ಸೇರುತ್ತಲೇ ಹೋಯಿತು. ಆದರೆ ಆ ಪಿಎಚ್‌ನಲ್ಲಿ ಅದು ಬಹುಪಾಲು ಅಮೋನಿಯಂ. ಕಿವಿರಿನೊಳಕ್ಕೆ ಸುಲಭವಾಗಿ ನುಗ್ಗಲಾರದು. ನನ್ನ ಬೋರ್ ನೀರು ಪಿಎಚ್ ಅನ್ನು 7.8ಕ್ಕೆ ಎಳೆದೊಡನೆ ಅದರಲ್ಲೊಂದು ಪಾಲು ಅಮೋನಿಯಾ ಅನಿಲವಾಯಿತು. 30 ಡಿಗ್ರಿಯ ನೀರಿಗೆ ಲೆಕ್ಕ ಹಾಕಿದೆ: ಒಟ್ಟು ಮೊತ್ತ ಅರ್ಧವಾದರೂ ವಿಷದ ಭಾಗ ಸುಮಾರು 30 ಪಟ್ಟು ಹೆಚ್ಚಿತ್ತು. ಮೀನು ತನ್ನ ಅಮೋನಿಯಾವನ್ನು ಹೊರಹಾಕುವುದೂ ಕಿವಿರಿನಿಂದಲೇ. ಹೊರಗೇ ಅದು ತುಂಬಿದ್ದರೆ ಎಲ್ಲಿಗೆ ಹಾಕಬೇಕು?

ಅಂಗಡಿಯವನ ಸಲಹೆ, ‘ಪಿಎಚ್ ಇಳಿಸುವ ಬಾಟಲಿ ಒಯ್ಯಿರಿ.’ ಗಡಸು ನೀರಿಗೆ ಆಮ್ಲ ಸುರಿದರೆ ಪಿಎಚ್ ಇಳಿದು ಮತ್ತೆ ಏರುತ್ತದೆ, ಮತ್ತೊಂದು ಬಾಟಲಿ ಮಾರಾಟವಾಗುತ್ತದೆ. ಬೇಡವೆಂದೆ. ಮೂರು ದಿನ ಆಹಾರ ನಿಲ್ಲಿಸಿದೆ. ಈಗ ಹೊಸ ಪೊರೆ ಬಂದಿದೆ. ಆರ್‌ಒ ಮೂರು ಪಾಲು, ಬೋರ್ ಒಂದು ಪಾಲು, ಕೆಎಚ್ 4. ದಿನ ಬಿಟ್ಟು ದಿನ ತೊಟ್ಟಿಯ ಹತ್ತನೇ ಒಂದು ಭಾಗ ನೀರು ತೆಗೆದು, ಅಷ್ಟೇ ಹೊಸ ನೀರನ್ನು ಗ್ಲೂಕೋಸ್ ನಳಿಕೆಯಿಂದ ತೊಟ್ಟಿಕ್ಕಿಸುತ್ತೇನೆ. ಉಳಿದ ಹದಿನೈದೂ ಗುಂಪಾಗಿ ಈಜುತ್ತಿವೆ.

ಆದರೂ ಈ ನೀರಿನ ಜೊತೆ ಎಷ್ಟು ದಿನ ಗುದ್ದಾಡುವುದು? ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಗಡಸು, ಕ್ಷಾರ ನೀರೇ ಬೇಕು. ಗುಹೆ ಕಟ್ಟಲು ಸುಣ್ಣದ ಕಲ್ಲು ಬೇಕಾದರೆ ಶಹಾಬಾದ್ ಪಕ್ಕದಲ್ಲೇ ಇದೆ. ನಾಲ್ಕು ಅಡಿಯ ತೊಟ್ಟಿಗೆ ಚಪ್ಪಡಿಗಳನ್ನೂ ತಂದಿಟ್ಟಿದ್ದೇನೆ. ಸದ್ಯಕ್ಕೆ ಅಮ್ಮ ಅವುಗಳ ಮೇಲೆ ಸಂಡಿಗೆ ಒಣಗಿಸುತ್ತಿದ್ದಾರೆ.