ಗ್ರಂಥಾಲಯದ ಬೋರ್ಡು, ರೇಡಿಯೋದ ನಾಬು

ಮೈಸೂರು
ಶನಿವಾರ, 14 ಜೂನ್ 2025

ಲೇಸರ್ ಮೆಷಿನ್ನು ಹಲಗೆ ಕತ್ತರಿಸುವಾಗ ತಾನೂ ಒಂದಿಷ್ಟು ತಿನ್ನುತ್ತದೆ. ಹೊಟ್ಟು ಉದುರುವುದಿಲ್ಲ, ಎಲ್ಲ ಹೊಗೆಯಾಗಿ ಹೋಗುತ್ತದೆ. ಹಾಗಾಗಿ ಎಷ್ಟು ತಿಂದಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಬೋರ್ಡು ಮಾಡಬೇಕು ಅಂತ, ಇಂಥ ಮೆಷಿನ್ನು ಇಟ್ಟು ಕಲಿಸುವ ಒಂದು ಲ್ಯಾಬಿಗೆ ಹೋಗುತ್ತಿದ್ದೇನೆ. ಇವತ್ತು ಬೆಳಗ್ಗೆ ಅಲ್ಲಿ ಅದನ್ನೇ ಅಳೆದೆವು.

ಅಳೆಯುವ ರೀತಿ ಬಹಳ ಚೆನ್ನಾಗಿದೆ. 100 ಮಿ.ಮೀ. ಉದ್ದದ ಆಯತ ಬರೆದು, ಒಳಗೆ 10 ಮಿ.ಮೀ.ಗೊಂದು ಗೆರೆ ಹಾಕಿ ಕತ್ತರಿಸುವುದು. ಹತ್ತು ತುಂಡು ಬರುತ್ತವೆ. ಆ ತುಂಡುಗಳನ್ನು ಅದೇ ಕಿಂಡಿಯೊಳಗೆ ಇಟ್ಟು ಒಂದು ಬದಿಗೆ ಒತ್ತಿದರೆ ಇನ್ನೊಂದು ತುದಿಯಲ್ಲಿ ಸಂದು ಉಳಿಯುತ್ತದೆ. ನಮಗೆ ಉಳಿದದ್ದು 1.7 ಮಿ.ಮೀ. ಎರಡು ತುದಿಯದ್ದೂ ಸೇರಿ ಲೇಸರ್ ಅಡ್ಡಕ್ಕೆ ಓಡಿದ್ದು ಹನ್ನೊಂದು ಗೆರೆ. ಭಾಗಿಸಿದರೆ ಒಂದು ಗೆರೆಗೆ ಸುಮಾರು 0.15 ಮಿ.ಮೀ. ಇದಕ್ಕೆ ಕರ್ಫ್ ಅನ್ನುತ್ತಾರೆ. ಮೆಷಿನ್ನು ಬದಲಾದರೆ, ಹಲಗೆ ಬದಲಾದರೆ, ಲೆನ್ಸಿನ ದೂರ ಸ್ವಲ್ಪ ಸರಿದರೂ ಇದು ಬದಲಾಗುತ್ತದೆ.

ಇಷ್ಟು ಚಿಕ್ಕ ಲೆಕ್ಕ ಯಾಕೆ ಬೇಕು ಅನ್ನುವುದು ಪೆಟ್ಟಿಗೆ ಮಾಡಲು ಕೂತಾಗ ತಿಳಿಯುತ್ತದೆ. 3 ಮಿ.ಮೀ. ಪ್ಲೈವುಡ್ ಕೂರಲಿ ಅಂತ 3 ಮಿ.ಮೀ. ಸಂದು ಬರೆದರೆ, ಕತ್ತರಿಸಿದ ಮೇಲೆ ಅದು 3.15 ಆಗಿರುತ್ತದೆ. ಹಲಗೆ ಅದರೊಳಗೆ ಲೊಡಲೊಡ ಅಲ್ಲಾಡುತ್ತದೆ. 2.85 ಅಂತ ಬರೆದರೆ ಸರಿಯಾಗಿ 3 ಸಿಗುತ್ತದೆ. ಅಂಟು ಬೇಡ, ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಬಿಗಿಯಾಗಿ ಕೂರುತ್ತದೆ. ಆ ಬಿಗಿ ಕೈಗೆ ತಿಳಿಯುವ ಹೊತ್ತಿನ ಖುಷಿ ಹೇಳತೀರದು.

ಆದರೆ ಆ 3 ಮಿ.ಮೀ. ಅನ್ನುವುದೂ ಅಂಗಡಿಯ ಮಾತು. "ಮೇಡಂ, ಅವರು ಹೇಳಿದ ದಪ್ಪ ಬರ್ಕೋಬೇಡಿ. ಕ್ಯಾಲಿಪರ್ ಹಿಡಿದು ನಾಲ್ಕೂ ಮೂಲೆ ನೋಡಿ" ಅಂದರು ಕಲಿಸುವ ಹುಡುಗ. ನೋಡಿದರೆ ಒಂದು ಮೂಲೆ 2.8, ಇನ್ನೊಂದು 3.1. ಮಳೆಗಾಲ ಬೇರೆ. ಹಲಗೆ ನಡುವೆ ಉಬ್ಬಿಕೊಂಡಿತ್ತು. ಉಬ್ಬಿದ ಕಡೆ ಲೇಸರಿನ ಫೋಕಸ್ ತಪ್ಪಿ ಗೆರೆ ದಪ್ಪವಾಗುತ್ತದೆ, ಕೆಲವು ಕಡೆ ಕೆಳಗಿನವರೆಗೆ ಇಳಿಯುವುದೇ ಇಲ್ಲ. ಅದಕ್ಕೆ ಭಾರ ಇಟ್ಟು ಹಲಗೆಯನ್ನು ಮಟ್ಟ ಮಾಡಿಕೊಂಡೆವು. ಆಮೇಲೆ ಒಂದು ಚಿಕ್ಕ ಬಾಚಣಿಗೆ ಕತ್ತರಿಸಿದೆವು. ಅದರ ಸಂದುಗಳು 2.6ರಿಂದ 3.1ರವರೆಗೆ, ಒಂದೊಂದಕ್ಕೂ 0.1 ಜಾಸ್ತಿ. ಯಾವ ಸಂದಿಗೆ ಹಲಗೆ ಹಿತವಾಗಿ ಕೂರುತ್ತದೋ ಆ ಅಳತೆಯನ್ನೇ ಡ್ರಾಯಿಂಗಿಗೆ ಹಾಕುವುದು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ದಶಮಾಂಶ ಎಲ್ಲಿ ಉಪಯೋಗಕ್ಕೆ ಬರುತ್ತೆ ಮಿಸ್ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಈ ಬಾಚಣಿಗೆಯನ್ನು ಅವರ ಕೈಗೇ ಕೊಡುತ್ತೇನೆ.

ಲೇಸರ್ ಬಗ್ಗೆ ಒಂದು ಮಾತು. ಲ್ಯಾಬಿನಲ್ಲಿರುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿ ತೋರಿಸಿದವರು ಕುಮಾರ್ ಪಟೇಲ್, ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಇದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಅಲೆಯ ಉದ್ದ 10.6 ಮೈಕ್ರೋಮೀಟರ್. ಗಾಜಿನಷ್ಟು ತಿಳಿಯಾದ ಅಕ್ರಿಲಿಕ್ ಕೂಡ ಈ ಬೆಳಕನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಅದು ಕತ್ತರಿಸುತ್ತದೆ. ಪಿವಿಸಿ ಮಾತ್ರ ಇದರ ಹತ್ತಿರ ತರಬಾರದು. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಶ್ವಾಸಕೋಶಕ್ಕೂ ಕೆಟ್ಟದ್ದು, ಮೆಷಿನ್ನಿನ ಕಬ್ಬಿಣಕ್ಕೂ ತುಕ್ಕು. ಮಕ್ಕಳು ಪರ್ಸು, ಪೌಚು ಮಾಡೋಣ ಅಂತ ರೆಕ್ಸಿನ್ ತರುತ್ತಾರೆ. ರೆಕ್ಸಿನ್ನಿನಲ್ಲಿ ಪಿವಿಸಿ ಲೇಪ ಇರುವುದು ಮಾಮೂಲು. ಏನು ವಸ್ತು ಅಂತ ಖಚಿತ ಗೊತ್ತಿಲ್ಲದಿದ್ದರೆ ಇಡಲೇಬಾರದು.

ಇನ್ನು ನಮ್ಮ ಶಾಲೆಯ ಬೋರ್ಡು. ನಾನು ಇದನ್ನೆಲ್ಲ ಕಲಿಯಲು ಹೊರಟಿದ್ದೇ ಅದಕ್ಕೆ. ಬೋರ್ಡಿನಲ್ಲಿ ಬರಬೇಕಾದದ್ದು ಒಂದೇ ಪದ, "ಗ್ರಂಥಾಲಯ". ಇಂಗ್ಲಿಷ್ ಅಕ್ಷರ ಕತ್ತರಿಸುವ ಪಾಠಗಳು ಬೇಕಾದಷ್ಟು ಸಿಗುತ್ತವೆ. ಅಲ್ಲಿ ಬಿಡಿಯಾಗಿ ಉದುರುವುದು ಸಣ್ಣ ಐ ಮತ್ತು ಜೆ ಮೇಲಿನ ಚುಕ್ಕೆ ಮಾತ್ರ. ನಮ್ಮ ಪದ ನೋಡಿ. ಗಕಾರದ ಕೆಳಗೆ ಕ್ರಾವಡಿ, ಅದು ಹೆಚ್ಚಿನ ಫಾಂಟ್‌ಗಳಲ್ಲಿ ಮೇಲಿನ ಅಕ್ಷರಕ್ಕೆ ತಾಗುವುದೇ ಇಲ್ಲ. ಪಕ್ಕದಲ್ಲಿ ಸೊನ್ನೆ, ಅದೂ ಬಿಡಿ. ಥಕಾರದ ಹೊಟ್ಟೆಯೊಳಗೆ ಚುಕ್ಕೆ, ಅದೂ ಬಿಡಿ. ಕತ್ತರಿಸಿ ಎತ್ತಿದರೆ ಇವೆಲ್ಲ ಮೆಷಿನ್ನಿನ ಜಾಲರಿಯಲ್ಲಿ ಉಳಿದುಬಿಡುತ್ತವೆ.

ಮೊದಲು ಮಾಡಬೇಕಾದದ್ದು ಚಿತ್ರ ಬರೆಯುವ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲಿ ಪದವನ್ನು ಬರಹದಿಂದ ಗೆರೆಗಳಾಗಿ ಬದಲಿಸುವುದು. ಕೆಲವು ಲೇಸರ್ ಸಾಫ್ಟ್‌ವೇರ್‌ಗಳಿಗೆ ಕನ್ನಡದ ಒತ್ತು ಅರ್ಥವಾಗುವುದಿಲ್ಲ, ಅಕ್ಷರ ಒಡೆದು ಕಾಣುತ್ತದೆ. ಗೆರೆಯಾದ ಮೇಲೆ ಆ ಭಯ ಇಲ್ಲ. ಆಮೇಲೆ ಯೂನಿಯನ್, ಅಂದರೆ ಒಂದರ ಮೇಲೊಂದು ಏರಿದ ಆಕಾರಗಳನ್ನು ಒಂದೇ ಆಕಾರ ಮಾಡುವುದು. ಅಕ್ಷರದ ಮೇಲೆ ಇನ್ನೊಂದು ಭಾಗ ಏರಿ ಕೂತಿರುವ ಕಡೆ ಎರಡು ಗೆರೆ ಹಾದು ಹೋಗಿರುತ್ತವೆ. ತೆರೆಯ ಮೇಲೆ ಎರಡೂ ಕಪ್ಪು, ಏನೂ ಕಾಣುವುದಿಲ್ಲ. ಲೇಸರ್ ಮಾತ್ರ ಅಕ್ಷರದ ನಡುವೆಯೇ ಸೀಳಿಕೊಂಡು ಹೋಗುತ್ತದೆ. ಬಣ್ಣ ತೆಗೆದು, ಬರೀ ಹೊರಗೆರೆ ಇಟ್ಟು ನೋಡಿದರೆ ಎಲ್ಲ ಬಯಲಾಗುತ್ತದೆ. "ಬಾಲೂ ತಮ್ಮ" ಅನ್ನುವ ಫಾಂಟ್ ಆರಿಸಿದೆ. ಮೈ ತುಂಬಿಕೊಂಡ ಅಕ್ಷರಗಳು, ಸಪೂರ ಜಾಗ ಕಡಿಮೆ, ಮುರಿಯುವುದಿಲ್ಲ.

ಬಿಡಿ ಭಾಗಗಳಿಗೆ ಸಿಕ್ಕ ಉಪಾಯ ನನಗೆ ತುಂಬಾ ಹಿಡಿಸಿತು. ಅಕ್ಷರ ಕತ್ತರಿಸಿದ ಮೇಲೆ ಉಳಿಯುವ ತೂತು ಹಲಗೆಯನ್ನು ಎಸೆಯಬಾರದು. ಅದನ್ನು ಹಿಂಬದಿಯ ಬೋರ್ಡಿನ ಮೇಲೆ ಇಟ್ಟು, ಆ ತೂತುಗಳಲ್ಲೇ ಅಕ್ಷರ, ಕ್ರಾವಡಿ, ಸೊನ್ನೆ ಎಲ್ಲವನ್ನೂ ಅಂಟು ಹಚ್ಚಿ ಇಳಿಸುವುದು. ಥಕಾರದ ಹೊಟ್ಟೆಯಿಂದ ಬಿದ್ದ ಬಿಲ್ಲೆಯನ್ನು ಒಳಗಿಟ್ಟುಕೊಂಡರೆ ಅದರ ತೂತೇ ಚುಕ್ಕೆಗೆ ಜಾಗ ತೋರಿಸುತ್ತದೆ. ಅಂಟು ಹಿಡಿದ ಮೇಲೆ ಮೇಲಿನ ಹಲಗೆ ಎತ್ತಿದರೆ ಪ್ರತಿಯೊಂದೂ ತನ್ನ ಜಾಗದಲ್ಲಿ. ಅಳತೆಪಟ್ಟಿ ಬೇಡ, ಪೆನ್ಸಿಲ್ ಗುರುತು ಬೇಡ. ಎಂಟನೇ ತರಗತಿಯವರೂ ಮಾಡಬಹುದು.

ಕಪಾಟುಗಳ ಮೇಲೆ "ಕಥೆ", "ಗಣಿತ", "ವಿಜ್ಞಾನ" ಅಂತ ಬಣ್ಣ ಹೊಡೆಯಲು ಅಚ್ಚು ಬೇಕು. ಅಲ್ಲಿ ಲೆಕ್ಕ ಉಲ್ಟಾ. ಒಳಗಿನ ಭಾಗ ಬೀಳಬಾರದು. ಥಕಾರದ ಹೊಟ್ಟೆಗೆ ಎರಡು ಸೇತುವೆ (ಕತ್ತರಿಸದೆ ಉಳಿಸುವ ಪಟ್ಟಿ) ಬಿಡಬೇಕು, ಹಲಗೆ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಅಗಲ. ಸೇತುವೆ ಎಲ್ಲಿ ಬಿಟ್ಟರೆ ಅಕ್ಷರ ಓದಲು ಚೆಂದ ಅನ್ನುವುದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ. ಕನ್ನಡ ಬರೆದು ಪಳಗಿದ ಕಣ್ಣೇ ಹೇಳಬೇಕು. ಇದರ ಬಗ್ಗೆ ಕನ್ನಡದಲ್ಲಿ ಚಿತ್ರ ಸಮೇತ ಪಾಠ ಬರೆಯಬೇಕು ಅನ್ನುವ ಆಸೆ ಬಲವಾಗುತ್ತಿದೆ. ಯಾರಾದರೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು.

ಮಧ್ಯಾಹ್ನ ಥ್ರೀಡಿ ಪ್ರಿಂಟರ್ ಪಾಳಿ. ಅಪ್ಪನ ಹಳೆಯ ರೇಡಿಯೋಗೆ ಸ್ಟೇಷನ್ ತಿರುಗಿಸುವ ನಾಬ್ ಇಲ್ಲ. ಅಮ್ಮ ಇಕ್ಕಳ ಹಿಡಿದು ತಿರುಗಿಸುತ್ತಾರೆ. ಮೈಸೂರು ಆಕಾಶವಾಣಿ ಅವರಿಗೆ ಬೆಳಗ್ಗೆ ಬೇಕೇ ಬೇಕು. (1935ರಲ್ಲಿ ಇಲ್ಲಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ಬಾನುಲಿ ಅಲ್ವಾ, ನಮ್ಮೂರಿನವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ.) ಈಗಿನ ಸಾಮಾನುಗಳಲ್ಲಿ ನಾಬ್ ಕೂರುವ ದಂಡ ಸಾಮಾನ್ಯವಾಗಿ 6 ಮಿ.ಮೀ. ಇರುತ್ತದೆ. ನಮ್ಮ ರೇಡಿಯೋದ್ದನ್ನು ಅಳೆದರೆ 6.35, ಅಂದರೆ ಸರಿಯಾಗಿ ಕಾಲು ಇಂಚು. ಇಂಚಿನ ಕಾಲದ ರೇಡಿಯೋ.

ಫ್ರೀಕ್ಯಾಡ್‌ನಲ್ಲಿ (ಥ್ರೀಡಿ ಆಕಾರ ಬರೆಯುವ ಸಾಫ್ಟ್‌ವೇರ್) ನಾಬಿನ ಅರ್ಧ ಅಂಚನ್ನಷ್ಟೇ ಬರೆದು ನಡುಗೆರೆಯ ಸುತ್ತ ತಿರುಗಿಸಿದರೆ ಪೂರ್ತಿ ಆಕಾರ ಎದ್ದು ಬರುತ್ತದೆ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಲೇತಿಗೆ ಕಟ್ಟಿ ಉಳಿ ಹಿಡಿದಾಗ ಬೊಂಬೆ ಮೂಡುವ ಹಾಗೆ. ಅಳತೆಗಳನ್ನೆಲ್ಲ ಹೆಸರಿಟ್ಟು ಒಂದು ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ತೂತಿನ ಅಳತೆ ಬದಲಿಸಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಪ್ರಿಂಟರಿನಲ್ಲಿ ತೂತು ಬರೆದದ್ದಕ್ಕಿಂತ ಚಿಕ್ಕದಾಗಿ ಬರುತ್ತದೆ. ಲೇಸರಿಗೆ ಪೂರಾ ವಿರುದ್ಧ. 0.4 ಮಿ.ಮೀ. ನಳಿಕೆಯಿಂದ ಕರಗಿದ ಪ್ಲಾಸ್ಟಿಕ್ ಇಳಿದು, ಸ್ವಲ್ಪ ಒಳಕ್ಕೆ ಹರಡಿ ತಣ್ಣಗಾಗುತ್ತದೆ. ಅದಕ್ಕೆ ಇಡೀ ನಾಬ್ ಪ್ರಿಂಟ್ ಮಾಡುವ ಮೊದಲು 5 ಮಿ.ಮೀ. ಎತ್ತರದ ಬಿಲ್ಲೆಯಲ್ಲಿ ಮೂರು ತೂತು ಹಾಕಿ ನೋಡಿದೆವು: 6.45, 6.55, 6.65. ನಡುವಿನದು ದಂಡಕ್ಕೆ ಸರಿಯಾಗಿ ಕೂತಿತು. ರೇಡಿಯೋವನ್ನು ಬ್ಯಾಗಿನಲ್ಲೇ ತಂದಿದ್ದೆ.

ಕೆಳಗಿನ ಅಂಚನ್ನು ದುಂಡಗೆ ಮಾಡಬಾರದು ಅನ್ನುವುದು ಹೊಸದಾಗಿ ತಿಳಿದ ವಿಷಯ. ದುಂಡು ಅಂಚು ಬುಡದಲ್ಲಿ ಬಹುತೇಕ ಅಡ್ಡಡ್ಡಲಾಗಿ ಶುರುವಾಗುತ್ತದೆ, ಕೆಳಗೆ ಆಸರೆ ಇಲ್ಲದೆ ಪದರ ಜೋತು ಬೀಳುತ್ತದೆ. 45 ಡಿಗ್ರಿಗೆ ಓರೆಯಾಗಿ ಕತ್ತರಿಸಿದ ಅಂಚು ಆಸರೆ ಇಲ್ಲದೆಯೇ ಶುದ್ಧವಾಗಿ ಬರುತ್ತದೆ. ಮೇಲಿನ ಅಂಚು ಎಷ್ಟು ಬೇಕಾದರೂ ದುಂಡಗಿರಲಿ.

ಎಸ್‌ಟಿಎಲ್ ಅನ್ನುವ ಥ್ರೀಡಿ ಆಕಾರದ ಫೈಲಿನಲ್ಲಿ ಅಳತೆಯ ಮಾನವೇ ಇರುವುದಿಲ್ಲ, ಬರೀ ತ್ರಿಕೋನಗಳು. ಮಿ.ಮೀ.ನಲ್ಲಿ ಬರೆದದ್ದನ್ನು ಇಂಚು ಅಂತ ಓದಿದರೆ 25.4 ಪಟ್ಟು ದೊಡ್ಡದಾಗಿ ತೆರೆಯುತ್ತದೆ. ತ್ರೀಎಂಎಫ್‌ನಲ್ಲಿ (ಅದೂ ಅಂಥದ್ದೇ ಫೈಲು) ಮಾನವೂ ಸೇರಿರುತ್ತದೆ. ನಾನು ಅದನ್ನೇ ಬಳಸುತ್ತಿದ್ದೇನೆ.

ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕಿನ ತಂತಿ ಈ ಮಳೆಯಲ್ಲಿ ತೇವ ಎಳೆದುಕೊಳ್ಳುತ್ತದೆ. ನಳಿಕೆಯ ಹತ್ತಿರ ಚಟಪಟ ಸದ್ದು ಬಂದರೆ, ಜೇಡರ ಬಲೆಯಂಥ ಎಳೆ ಬಿಟ್ಟರೆ ಅದೇ ಲಕ್ಷಣ. ಲ್ಯಾಬಿನವರು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತಾರೆ. ಶಾಲೆಗೂ ಒಂದು ಅಂಥ ಡಬ್ಬ ಬೇಕು.

ಇಂಥ ಪ್ರಿಂಟರ್ ಈಗ ಶಾಲೆಗಳಿಗೂ ಎಟುಕುತ್ತಿರುವುದಕ್ಕೆ ಕಾರಣ ಇದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ರೆಪ್‌ರ‍್ಯಾಪ್ ಅನ್ನುವ ಯೋಜನೆ ಶುರು ಮಾಡಿ, ಪ್ರಿಂಟರಿನ ನಕ್ಷೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಪ್ಲಾಸ್ಟಿಕ್ ಕರಗಿಸಿ ಪದರ ಕಟ್ಟುವ ವಿಧಾನದ ಮುಖ್ಯ ಪೇಟೆಂಟ್ 2009ರಲ್ಲಿ ಮುಗಿಯಿತು. ಆಮೇಲೆ ಬೆಲೆ ಇಳಿಯುತ್ತಾ ಬಂತು. ಹಂಚಿದವರಿಗೆ ನನ್ನ ನಮಸ್ಕಾರ.

ನಾಬ್ ಕೂತಿತು. ಅಮ್ಮ ತಿರುಗಿಸಿ ನೋಡಿ, "ಇನ್ನೂ ಸ್ವಲ್ಪ ದೊಡ್ಡದಾಗಿದ್ರೆ ಬೆರಳಿಗೆ ಸಿಗ್ತಿತ್ತು ಕಣೆ" ಅಂದರು. ಸಂಧಿವಾತದ ಬೆರಳು. ಪಟ್ಟಿಯಲ್ಲಿ ಹೊರ ಅಳತೆಯನ್ನು 28ರಿಂದ 36ಕ್ಕೆ ಏರಿಸಿ, ಸುತ್ತಲಿನ ಗೀರುಗಳನ್ನು ಆಳ ಮಾಡಿದ್ದೇನೆ.

ಬೋರ್ಡು 900 ಮಿ.ಮೀ. ಅಗಲ, ಲೇಸರಿನ ಹಾಸು 600. ಎರಡು ಭಾಗ ಮಾಡಲೇಬೇಕು. ಥಾ ಮತ್ತು ಲ ನಡುವೆ ಸೇರಿಸುವುದು ಅಂತ ಹೆಡ್‌ಮಾಸ್ಟರಿಗೆ ಫೋನಿನಲ್ಲಿ ಹೇಳಿದೆ, ಒಪ್ಪಿದರು. ಹಲಗೆಯನ್ನು ಸೋಮವಾರವೇ ತಂದು ಭಾರ ಹೇರಿ ಇಡುತ್ತೇನೆ, ಕತ್ತರಿಸುವ ದಿನಕ್ಕೆ ಮಟ್ಟವಾಗಿರಲಿ.